ಅಡ್ಮಿನ್ ಅಂಕಲ್

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಬ್ಬ ಅಡ್ಮಿನ್ ಅಂಕಲ್ ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ಲೋಕೋಪಯೋಗಿ ಇಲಾಖೆಯಿಂದಲೋ ನಿವೃತ್ತರು. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಪುಸ್ತಕದ ಹಾಗೆ ತೆರೆದುಕೊಳ್ಳುವ ಕವರಿನ ಮೊಬೈಲು. ಹಿಂದೆ ಗಣೇಶನ ಚಂದಾಕ್ಕೆ ರಸೀದಿ ಪುಸ್ತಕ ಹಿಡಿದು ಮನೆಮನೆ ಅಲೆಯುತ್ತಿದ್ದವರೂ ಇವರೇ. ರಸೀದಿ ಪುಸ್ತಕ ಹೋಗಿ ಕ್ಯುಆರ್ ಕೋಡ್ ಬಂತು, ಬಡಾವಣೆಗೊಂದು ವಾಟ್ಸ್ಯಾಪ್ ಗ್ರೂಪ್ ಆಯಿತು. ಅಲೆದಾಟ ಮಾತ್ರ ನಿಲ್ಲಲಿಲ್ಲ.

ನಾಳೆ ಹತ್ತರಿಂದ ಐದರವರೆಗೆ ಕರೆಂಟ್ ಇರುವುದಿಲ್ಲವೆಂದು ಬೆಸ್ಕಾಂ ಪ್ರಕಟಣೆ ಬಂತೆನ್ನಿ. ಅಂಕಲ್ ಅದನ್ನು ಗ್ರೂಪಿಗೆ ಹಾಕಿ ಹತ್ತು ನಿಮಿಷ ಕಾಯುತ್ತಾರೆ. ಆಮೇಲೆ ಮೆಸೇಜನ್ನು ಒತ್ತಿ ಹಿಡಿದು, ಯಾರು ಯಾರು ಓದಿದ್ದಾರೆ ಎಂಬ ಪಟ್ಟಿ ತೆಗೆಯುತ್ತಾರೆ. ನೀಲಿ ಟಿಕ್ ಆಫ್ ಮಾಡಿಕೊಂಡು ಬಚಾವಾದೆವು ಅಂದುಕೊಂಡವರಿಗೆ, ಗ್ರೂಪಿನಲ್ಲಿ ಆ ಆಟ ನಡೆಯುವುದಿಲ್ಲವೆಂದು ಗೊತ್ತಿರುವುದಿಲ್ಲ. ಅಂಕಲ್‌ಗೆ ಗೊತ್ತು. ಓದದವರಿಗೆ ಫೋನು ಹೋಗುತ್ತದೆ: "ಗ್ರೂಪಲ್ಲಿ ಒಂದು ಮೆಸೇಜ್ ಹಾಕಿದ್ದೀನಿ, ಸ್ವಲ್ಪ ನೋಡಿ." ಏನು ಮೆಸೇಜು ಅಂತ ಹೇಳುವುದಿಲ್ಲ. ಹೇಳಿಬಿಟ್ಟರೆ ಗ್ರೂಪಿನ ಶಿಸ್ತು ಏನಾಗಬೇಕು? ಫೋನೂ ಎತ್ತದವರ ಮನೆಯ ಗೇಟು ಸಂಜೆ ಏಳಕ್ಕೆ ಸದ್ದು ಮಾಡುತ್ತದೆ.

"ಏನಮ್ಮಾ, ನೋಡಿದ್ರಾ?"

"ಏನು ಅಂಕಲ್?"

"ಮೆಸೇಜು."

"ಇಲ್ಲ ಅಂಕಲ್, ನೆಟ್ ಖಾಲಿ."

"ಹಾಗಾದ್ರೆ ನಾನೇ ಓದ್ತೀನಿ ಕೇಳಿ" ಎಂದು ಕೂತು ಕನ್ನಡಕ ಹುಡುಕುತ್ತಾರೆ. ಅದು ಸಿಗುವಷ್ಟರಲ್ಲಿ ಕಾಫಿ ಬಂದಿರುತ್ತದೆ.

ವಾಟ್ಸ್ಯಾಪ್ 2016ರಲ್ಲಿ ಒಂದು ಗ್ರೂಪಿಗೆ 256 ಜನ ಎಂದಿತ್ತು. 2022ರಲ್ಲಿ ಒಂದೇ ವರ್ಷದೊಳಗೆ ಅದನ್ನು ಮೊದಲು 512, ಆಮೇಲೆ 1024 ಮಾಡಿತು. ಅಷ್ಟು ಜನ ತಮ್ಮ ಬಡಾವಣೆಯಲ್ಲಿ ಇಲ್ಲವೆಂಬುದು ಅಂಕಲ್ ಕೊರಗು. ಹಾಗಾಗಿ ಯಾರನ್ನೂ ತೆಗೆಯುವುದಿಲ್ಲ. ಬಾಡಿಗೆ ಮನೆ ಬಿಟ್ಟು ಹುಬ್ಬಳ್ಳಿಗೆ ಹೋದ ಕುಟುಂಬಕ್ಕೂ ಇಲ್ಲಿನ ಮೂರನೇ ಕ್ರಾಸಿಗೆ ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆಂದು ತಿಳಿದಿರುತ್ತದೆ.

ಮೊದಲೆಲ್ಲ ಯಾರಾದರೂ ಗ್ರೂಪ್ ಬಿಟ್ಟರೆ ಎಲ್ಲರಿಗೂ ಕಾಣುತ್ತಿತ್ತು. 2022ರಲ್ಲಿ ಸದ್ದಿಲ್ಲದೆ ಬಿಡುವ ಅನುಕೂಲ ಬಂತು. ಅಡ್ಮಿನ್‌ಗೆ ಮಾತ್ರ ಸೂಚನೆ ಹೋಗುತ್ತದೆ. ಜನರ ಖಾಸಗಿತನಕ್ಕಾಗಿ ಹೀಗೆ ಮಾಡಿದ್ದಂತೆ. ಪಾಪ, ಕಂಪನಿಯವರಿಗೆ ಅಡ್ಮಿನ್ ಅಂಕಲ್ ಪರಿಚಯವಿಲ್ಲ. ಬಿಟ್ಟ ಅರ್ಧ ಗಂಟೆಗೆ ಅವರು ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ, "ಯಾರಿಗೂ ಹೇಳಿಲ್ಲ. ಏನಾಯ್ತು? ಮನೇಲಿ ಎಲ್ಲ ಆರಾಮ ತಾನೆ?" ಎನ್ನುತ್ತಾರೆ. ಶುಭೋದಯದ ಗುಲಾಬಿಗಳ ಕಾಟ ತಾಳಲಾರದೆ ಬಿಟ್ಟೆವೆನ್ನಲು ಬಾಯಿ ಬರುವುದಿಲ್ಲ. ಗುಲಾಬಿ ಕಳಿಸುವವರೇ ಎದುರಿಗಿದ್ದಾರಲ್ಲ. "ಕೈ ತಾಕಿ ಒತ್ತಿಬಿಡ್ತು ಅಂಕಲ್" ಎಂದು ಮತ್ತೆ ಸೇರುತ್ತಾರೆ.

ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠದ ತೀರ್ಪೊಂದು ಸುದ್ದಿಯಾಯಿತು. ಅಂಕಲ್ ಆ ಪತ್ರಿಕೆಯ ತುಣುಕನ್ನು ಲ್ಯಾಮಿನೇಟ್ ಮಾಡಿಸಿಟ್ಟಿದ್ದಾರೆ. ಆದರೂ ಅದರಲ್ಲೊಂದು ಮಾತು ಅವರನ್ನು ಚುಚ್ಚುತ್ತದೆ: ಅಡ್ಮಿನ್‌ಗೆ ಜನರನ್ನು ಸೇರಿಸುವ, ತೆಗೆಯುವ ಸೀಮಿತ ಅಧಿಕಾರ ಮಾತ್ರ ಇರುವುದಂತೆ. "ಸೀಮಿತ! ಜಡ್ಜ್ ಸಾಹೇಬರು ಯಾವತ್ತಾದ್ರೂ ಬಡಾವಣೆ ಗ್ರೂಪ್ ನಡೆಸಿದ್ದಾರಾ?"

ಕಾರು ನಿಲ್ಲಿಸುವ ಜಗಳದಲ್ಲಿ ಅವರ ಅಧಿಕಾರ ನೋಡಬೇಕು. ಅಕ್ಕಪಕ್ಕದ ಮನೆಯ ಯಜಮಾನರಿಬ್ಬರು ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ ಸಂಸ್ಕಾರದಿಂದ ಶುರುಮಾಡಿ ಕಾನೂನು ಕ್ರಮದವರೆಗೆ ಹೋಗಿರುತ್ತಾರೆ. ಅಂಕಲ್ ಎದ್ದು, ಅಡ್ಮಿನ್ ಮಾತ್ರ ಬರೆಯುವಂತೆ ಬೀಗ ಹಾಕಿ ಮಲಗುತ್ತಾರೆ. ಬೆಳಿಗ್ಗೆ ಕಸದ ಗಾಡಿಯ ಹಾಡು ಕೇಳಿ ಹಸಿ ಕಸ, ಒಣ ಕಸ ಹಿಡಿದು ಹೊರಬಂದ ಅದೇ ಇಬ್ಬರು, "ಏನ್ ಸಾರ್, ತಿಂಡಿ ಆಯ್ತಾ?" "ಈಗ ಆಗ್ಬೇಕು ಸಾರ್, ಉಪ್ಪಿಟ್ಟು" ಎಂದು ನಗುತ್ತಾರೆ. ಇದನ್ನು ಕಪಟವೆನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎದುರಿಗೆ ಆಡಲಾಗದ್ದನ್ನು ಗ್ರೂಪಿನಲ್ಲಿ ಆಡಿ ಮುಗಿಸಿದ್ದರಿಂದಲೇ ಗೇಟಿನ ಬಳಿ ಉಪ್ಪಿಟ್ಟಿನ ಮಾತು ಬಂದಿರಬಹುದು.

ಮಗಳ ಬಾಣಂತನಕ್ಕೆಂದು ಹೆಂಡತಿಯೊಡನೆ ಆರು ತಿಂಗಳು ನ್ಯೂಜೆರ್ಸಿಗೆ ಹೋಗುವುದೂ ಅಡ್ಮಿನ್ ಅಂಕಲ್ ಲಕ್ಷಣಗಳಲ್ಲೊಂದು. ಆಗಲೂ ಬೆಳಗಿನ ಐದೂವರೆಗೆ "ಕಾವೇರಿ ನೀರು ಬಂದಿದೆ, ಸಂಪ್ ತುಂಬಿಸಿಕೊಳ್ಳಿ" ಎಂಬ ಮೆಸೇಜು ತಪ್ಪುವುದಿಲ್ಲ. ಅಲ್ಲಿ ಹಿಂದಿನ ರಾತ್ರಿಯ ಎಂಟು ಗಂಟೆ. ನೀರು ಬಿಡುವ ಹುಡುಗ ಪಕ್ಕದ ಬೀದಿಯವರಿಗೆ ಹೇಳದೆ ಸಮುದ್ರದಾಚೆಗೆ ವಾಟ್ಸ್ಯಾಪ್ ಕಾಲ್ ಮಾಡಿರುತ್ತಾನೆ.

ಅಂಥದೊಂದು ಗೈರುಹಾಜರಿಯಲ್ಲೇ ಗಣೇಶನ ಹಬ್ಬದ ಪೂರ್ವಭಾವಿ ಸಭೆ ಬಂತು. ಹೊಣೆ ಸಾಫ್ಟ್‌ವೇರ್ ಹುಡುಗನೊಬ್ಬನ ಹೆಗಲಿಗೆ. ಚುರುಕಿನ ಹುಡುಗ, ಭಾನುವಾರ ಹನ್ನೊಂದಕ್ಕೆ ಪಾರ್ಕಿನಲ್ಲಿ ಸಭೆ ಎಂದು ಗ್ರೂಪಿನಲ್ಲೇ ಪೋಲ್ ಹಾಕಿದ. "ಬರುತ್ತೇನೆ" ಎಂದು ಎಪ್ಪತ್ತು ಮಂದಿ ಒತ್ತಿದರು. ಎಪ್ಪತ್ತು ಕುರ್ಚಿ ಹಾಕಿಸಿದ. ಬಂದವನು ಅಡ್ವಾನ್ಸ್ ಕೇಳಲು ಬಂದ ಶಾಮಿಯಾನದವನೊಬ್ಬನೇ. ಮಧ್ಯಾಹ್ನದವರೆಗೆ ಕಾದು, ಹುಡುಗ ಎದುರು ಮನೆಯ ಆಂಟಿಯ ಬಳಿ ಹೋದ.

"ಆಂಟಿ, ಮೆಸೇಜ್ ನೋಡ್ಲಿಲ್ವಾ?"

"ನೋಡಿದೆನಪ್ಪಾ, ಬರ್ತೀನಿ ಅಂತ ಒತ್ತಿದೆನಲ್ಲ. ಆದ್ರೆ ಯಾರೂ ಬಂದು ಕರೀಲೇ ಇಲ್ಲ."