ಹೆಡೆ ಬಿಚ್ಚದ ನಾಗರ

ಖಾಲಿ ಸೈಟು, ಅದರ ತುಂಬ ಪಾರ್ಥೇನಿಯಂ, ಮೂಲೆಯಲ್ಲಿ ಯಾರೋ ಮನೆ ಕಟ್ಟಿ ಮುಗಿಸಿ ಬಿಟ್ಟುಹೋದ ಇಟ್ಟಿಗೆ ರಾಶಿ. ಇಷ್ಟಿದ್ದರೆ ಬಡಾವಣೆಗೆ ಹಾವು ಬರುತ್ತದೆ. ಹಾವು ಬರುವ ಬಡಾವಣೆಯಲ್ಲಿ ಅದು ಯಾವ ಹಾವು ಎಂದು ಹೇಳುವವರೊಬ್ಬರು ಇದ್ದೇ ಇರುತ್ತಾರೆ. ಶಿವಮೊಗ್ಗದ ಹೊರವಲಯದ ನಮ್ಮ ಬಡಾವಣೆಗೆ ದೇವರು ಮೇಷ್ಟ್ರನ್ನು ದಯಪಾಲಿಸಿದ್ದಾನೆ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಪ್ರಶ್ನೆಗೆ ಉತ್ತರ ಒಂದೇ, ಅದೂ ಕೇಳಿದ ಕೂಡಲೇ ಬರಬೇಕು ಎಂಬ ಶಿಸ್ತು ಅಲ್ಲಿಯದು.

ಇಂಥವರಿಗೆ ಹಾವು ಪೂರ್ತಿ ಕಾಣಬೇಕೆಂದೇನೂ ಇಲ್ಲ. ಚರಂಡಿಯೊಳಗೆ ಬಾಲ ಸರಿದದ್ದು ಕಂಡರೆ ಸಾಕು, ಜಾತಿ, ವಯಸ್ಸು, ಅದರ ಜೋಡಿ ಎಲ್ಲಿದೆ ಎನ್ನುವುದೂ ಗೊತ್ತಾಗಿಬಿಡುತ್ತದೆ. ಕಾಣದಿದ್ದರೂ ಅಡ್ಡಿಯಿಲ್ಲ. ಒಂದು ಸಂಜೆ ಮೇಷ್ಟ್ರು ನಮ್ಮ ಕಾಂಪೌಂಡಿನ ಹತ್ತಿರ ನಿಂತು ಮೂಗರಳಿಸಿದರು: "ಆಲೂಗಡ್ಡೆ ಬೆಂದ ವಾಸನೆ. ಮಂಡಲ ಇದೆ ಇಲ್ಲಿ." ವಾಸನೆ ನಮ್ಮ ಕುಕ್ಕರಿನದು, ನಾಳೆಯ ಪಲ್ಯದ್ದು ಎಂದು ನನ್ನ ಹೆಂಡತಿ ಹೊರಗೆ ಬಂದು ಹೇಳುವಷ್ಟರಲ್ಲಿ ಅರ್ಧ ಬೀದಿ ಟಾರ್ಚು ಹಿಡಿದು ನಿಂತಿತ್ತು.

ಬಚ್ಚಲಮನೆಯ ಪ್ರಕರಣ ಮಾತ್ರ ನನಗೆ ಮರೆಯುವಂಥದ್ದಲ್ಲ. ಮಲಗುವ ಹೊತ್ತಿಗೆ ಮಗಳು ಬಕೆಟ್ ಎಸೆದು ಓಡಿಬಂದಳು. ಕಿಟಕಿಯ ಚೌಕಟ್ಟಿನ ಮೇಲೆ ಹಲ್ಲಿಯ ಬೆನ್ನಟ್ಟಿಕೊಂಡು ಬೆರಳುಗಾತ್ರದ, ಕಂದು ಬಣ್ಣದ ಪಟ್ಟೆಪಟ್ಟೆ ಹಾವು. ನಾನು ಧೈರ್ಯವಾಗಿ ಊಟದ ಮೇಜು ಹತ್ತಿ ನಿಂತು ಮೇಷ್ಟ್ರಿಗೆ ಫೋನು ಮಾಡಿದೆ. ಲುಂಗಿ ಎತ್ತಿಕಟ್ಟಿ ಬಂದವರು ಬಾಗಿಲಲ್ಲೇ ನಿಂತು ಟಾರ್ಚು ಬಿಟ್ಟರು. "ಕಟ್ಟುಹಾವು. ಕಚ್ಚಿದ್ದೂ ಗೊತ್ತಾಗಲ್ಲ. ಮಲಗಿದವನು ಮಲಗಿದ ಹಾಗೇ."

ಈ ಮಾತು ಸುಳ್ಳಲ್ಲ. ಕಟ್ಟುಹಾವು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವು ಊತ ಅಷ್ಟಾಗಿ ಇಲ್ಲದೆಯೇ ವಿಷ ನರಕ್ಕೆ ಏರುತ್ತದೆ. ಮೇಷ್ಟ್ರ ವಿಶೇಷವೇ ಇದು: ಹೇಳಿದ್ದೆಲ್ಲ ಸರಿ, ಹಾವೊಂದು ಬೇರೆ.

ಹಾವು ಹಿಡಿಯುವ ಹುಡುಗ ಬಂದು ನೋಡಿ ನಕ್ಕ. "ಪಟ್ಟೆ ನೋಡಿ ಸಾರ್. ಕುತ್ತಿಗೆ ಹತ್ರ ಗಟ್ಟಿಯಾಗಿ ಶುರುವಾಗಿ ಬಾಲದ ಕಡೆ ಮಾಸ್ತಾ ಹೋಗಿದೆ. ಕಟ್ಟುಹಾವಿಗೆ ಉಲ್ಟಾ. ಕುತ್ತಿಗೆ ಹತ್ರ ಖಾಲಿ, ಆಮೇಲೆ ಬಾಲದ ತನಕ ಜೋಡಿ ಜೋಡಿ ಬಿಳಿ ಗೆರೆ. ಮೈ ಕಪ್ಪಗೆ ಮಿರಿಮಿರಿ ಅನ್ನುತ್ತೆ. ಇದು ತೋಳಹಾವು, ಹಲ್ಲಿ ತಿನ್ನಕ್ಕೆ ಗೋಡೆ ಹತ್ತುತ್ತೆ, ವಿಷ ಇಲ್ಲ." ಮೇಷ್ಟ್ರು ಈಗ ಹತ್ತಿರ ಹೋಗಿ ಬಗ್ಗಿ ನೋಡಿದರು. ನೋಟ್‌ಬುಕ್ಕಿನಲ್ಲಿ ತಪ್ಪು ಹುಡುಕುವವರ ಗಾಂಭೀರ್ಯ. ಕೊನೆಗೆ, "ಗಂಡು. ಅದಕ್ಕೇ ಹಾಗೆ" ಎಂದು ತೀರ್ಪು ಕೊಟ್ಟು ಕಾಫಿ ಕೇಳಿದರು.

ಹಾವು ಕಚ್ಚಿದರೆ ಹಾವನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಬೇಕು ಎಂಬುದು ಇವರ ಇನ್ನೊಂದು ಸಿದ್ಧಾಂತ. ಹುಡುಗ ಅದನ್ನೂ ಕೆಡಿಸಿದ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಕೊಡುವ ಪ್ರತಿವಿಷ ಒಂದೇ. ಡಾಕ್ಟರು ಗಾಜಿನ ನಳಿಗೆಯಲ್ಲಿ ರಕ್ತ ಇಟ್ಟು 20 ನಿಮಿಷಕ್ಕೆ ಹೆಪ್ಪುಗಟ್ಟಿತೇ ನೋಡುತ್ತಾರೆ, ರೆಪ್ಪೆ ಜೋಲುತ್ತಿದೆಯೇ ನೋಡುತ್ತಾರೆ, ಹಾವಿನ ಪರಿಚಯ ಕೇಳಿಕೊಂಡು ಕೂರುವುದಿಲ್ಲ. ಮೇಷ್ಟ್ರ ಮುಖ ಇಷ್ಟಾಯಿತು. ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು 2024ರಲ್ಲಿ ರಾಜ್ಯ ಸರ್ಕಾರ ಆದೇಶಿಸಿದಾಗ, ಫಾರಮ್ಮಿನಲ್ಲಿ ಹಾವಿನ ಹೆಸರಿಗೊಂದು ಕಾಲಂ ಇದೆಯೋ ಇಲ್ಲವೋ ಎಂದು ನನ್ನನ್ನು ಪೀಡಿಸಿದರು. ಅದೇ ವರ್ಷ ಪಶ್ಚಿಮಘಟ್ಟದ ಕಾಳಿಂಗವೇ ಬೇರೆ ಪ್ರಭೇದವೆಂದು ವಿಜ್ಞಾನಿಗಳು ಸಾರಿದ್ದು ಇವರ ಗಾಯಕ್ಕೆ ಸ್ವಲ್ಪ ಮುಲಾಮಾಯಿತು. "ನಾನು ಮೊದಲಿಂದ ಹೇಳ್ತಾ ಇರಲಿಲ್ವ?" ಇರಲಿಲ್ಲ.

ನಗುವುದಕ್ಕೂ ಮಿತಿಯಿದೆ. ಚಳಿಗಾಲದ ಒಂದು ಬೆಳಿಗ್ಗೆ ಇಟ್ಟಿಗೆ ರಾಶಿಯ ಪಕ್ಕ ದಪ್ಪನೆಯ ಹಾವೊಂದು ಬಿಸಿಲು ಕಾಯಿಸುತ್ತಿತ್ತು. "ಹೆಬ್ಬಾವಿನ ಮರಿ" ಎಂದು ಮೇಷ್ಟ್ರು ಮಕ್ಕಳನ್ನು ಹತ್ತಿರ ಕರೆದರು. ಅದು ವಿಸಿಲ್ ಹೊಡೆಯುವ ಕುಕ್ಕರಿನ ಹಾಗೆ ಬುಸುಗುಟ್ಟಿತು. ಬೆನ್ನ ಮೇಲೆ ಕಪ್ಪು ಅಂಚಿನ ದುಂಡು ಮಚ್ಚೆಗಳು, ಸಾಲಾಗಿ, ಒಂದು ತಪ್ಪದೆ. ಕೊಳಕುಮಂಡಲ. ಆಲೂಗಡ್ಡೆಯ ವಾಸನೆ ಮಾತ್ರ ಯಾರಿಗೂ ಬರಲಿಲ್ಲ. ಆಮೇಲೆ ಕೆಲವು ದಿನ ನಾನು ಅವರ ಜೊತೆ ಮಾತೇ ಬಿಟ್ಟಿದ್ದೆ.

ಮತ್ತೆ ಮಾತು ಕೂಡಿದ್ದು ಎದುರು ಸೈಟಿನಲ್ಲಿ. ಮರಳಿನ ರಾಶಿಯಿಂದ ಮಾರುದ್ದದ ಹಾವೊಂದು ಹೊರಬಿದ್ದು, ಗಾರೆ ಕೆಲಸದವರು ಸಲಾಕೆ ಎತ್ತಿಯಾಗಿತ್ತು. ತಿಳಿಹಳದಿ ಮೈ, ದೊಡ್ಡ ಕಣ್ಣು, ತುಟಿಯ ಮೇಲೆ ಕಪ್ಪು ಗೀರು. ಕೇರೆ ಎಂದು ನನಗೂ ಗೊತ್ತಾಗುವಷ್ಟು ಕೇರೆ. ಮೇಷ್ಟ್ರು ಗೇಟಿನಿಂದಲೇ ಕೂಗಿಕೊಂಡು ಬಂದರು: "ನಾಗಪ್ಪ ಕಣ್ರೋ! ಕೈ ಮಾಡಬೇಡಿ. ಕುಕ್ಕೆಗೆ ಹೋಗಿ ಸಂಸ್ಕಾರ ಮಾಡಿಸೋಕೆ ದುಡ್ಡಿದೆಯೇನ್ರೋ?"

"ಹೆಡೆ ಎಲ್ಲಿ ಮೇಷ್ಟ್ರೇ?"

"ನಿನಗ್ಯಾಕೆ ತೋರಿಸಬೇಕದು? ಸಿಟ್ಟು ಬಂದಾಗ ಬಿಚ್ಚುತ್ತೆ."

ಸಲಾಕೆಗಳು ಇಳಿದವು. ಆಗ ನನಗೆ ಹಳೆಯದೆಲ್ಲ ಒಂದೊಂದಾಗಿ ನೆನಪಾಯಿತು. ಮೋರಿಯ ನೀರೊಳ್ಳೆ ನಾಗರವಾಗಿತ್ತು. ತುಳಸಿಕಟ್ಟೆಯ ಆಭರಣ ಹಾವು ನಾಗರವಾಗಿತ್ತು. ತಲೆ ಯಾವುದು ಬಾಲ ಯಾವುದು ತಿಳಿಯದ ಮಣ್ಣುಮುಕ್ಕ ಕೂಡ "ಹಸುಗೂಸು ನಾಗರ" ಆಗಿತ್ತು. ದೊಣ್ಣೆಯ ಕೆಳಗೆ ಬಂದ ಒಂದೇ ಒಂದು ಹಾವೂ ಇವರ ಬಾಯಲ್ಲಿ ಬೇರೆ ಹೆಸರು ಪಡೆದಿಲ್ಲ. ಹಾವು ಕೊಲ್ಲಬಾರದೆಂಬ ಕಾನೂನು 1972ರಿಂದ ಇದೆ. ಅದರ ಹೆಸರು ಹೇಳಿ ನಮ್ಮ ಬೀದಿಯಲ್ಲಿ ಯಾರೂ ದೊಣ್ಣೆ ಇಳಿಸಿದ್ದು ನಾನು ಕಂಡಿಲ್ಲ.

ಹುಡುಗ ಬಂದು ಹಾವನ್ನು ಚೀಲಕ್ಕಿಳಿಸಿ, ಕೆಲಸದವರಿಗೆ ಕೇಳದಂತೆ ಮೆಲ್ಲಗೆ ಅಂದ: "ಕೇರೆ ಅಂತ ನಿಮಗೆ ಗೊತ್ತಿತ್ತಲ್ವಾ ಮೇಷ್ಟ್ರೇ?"

"ಯಾವ ಸ್ಕೂಲಿನಲ್ಲಿ ಓದಿದ್ದು ನೀನು?" ಮೇಷ್ಟ್ರು ಗದರಿದರು. "ಮೊದಲು ಗಂಟು ಸರಿಯಾಗಿ ಬಿಗಿ." ಮತ್ತೆ ಕೆಲಸದವರ ಕಡೆ ತಿರುಗಿ, "ಏನ್ರೋ, ಹಾಗೇ ನಿಂತಿದೀರಲ್ಲ, ಕೈ ಮುಗೀರಿ" ಅಂದರು.