ಅಂಟು ಬೇರೆ, ಬಣ್ಣ ಬೇರೆ, ಬುದ್ಧಿ ಬೇರೆ

ಸಿಂಧನೂರಿನ ನಮ್ಮ ಮನೆಯ ಅಲ್ಮಾರದಲ್ಲಿ ಒಂದು ಸೈನ್ಯವಿದೆ. ಇನ್ನೂ ಯುದ್ಧಕ್ಕೆ ಹೊರಟಿಲ್ಲ, ಯಾಕೆಂದರೆ ಸೈನಿಕರಿಗೆ ತಲೆ ಕೂಡಿಸಿಲ್ಲ. ಮೇಜಿನ ಮೇಲೆ ಗೊಂಬೆಗಳನ್ನು ನಿಲ್ಲಿಸಿ, ದಾಳ ಉರುಳಿಸಿ ಆಡುವ ವಿಲಾಯಿತಿ ಆಟವಿದು. ಹೆಬ್ಬೆರಳುದ್ದದ ಪ್ಲಾಸ್ಟಿಕ್ ವೀರರು ಕೈ, ಕಾಲು, ರುಂಡ ಬೇರೆಬೇರೆಯಾಗಿ ಬರುತ್ತಾರೆ. ಅಂಟಿಗೆ ಬೇರೆ ರೊಕ್ಕ. 12 ಮಿಲಿಲೀಟರಿನ ಬಣ್ಣದ ಡಬ್ಬಿಗೆ ಬೇರೆ ರೊಕ್ಕ. ನಿಯಮದ ಪುಸ್ತಕಕ್ಕೆ ಮತ್ತೂ ಬೇರೆ. ಎದುರಾಳಿ ಮಾತ್ರ ಎಷ್ಟು ಕೊಟ್ಟರೂ ಸಿಗುವುದಿಲ್ಲ. ಮಸ್ಕಿ, ಲಿಂಗಸುಗೂರಿನ ಗೆಳೆಯರನ್ನು ಕೇಳಿದರೆ, ‘ಕೇರಂ ಆಡೋಣ ಬರ್ರಿ ಸರ’ ಎಂದರು.

‘ಮೈಗೆ ಬಣ್ಣ ಇಲ್ಲ, ಹೆಗಲ ಮ್ಯಾಲ ತಲಿ ಇಲ್ಲ. ಇವಕ್ಕ ರೊಕ್ಕ ಕೊಟ್ಟೋರ ಹೆಗಲ ಮ್ಯಾಲ ಏನೈತ್ರೀ?’ ಎಂದಳು ಮನೆಯವಳು.

ಉತ್ತರ ಹೊಳೆಯದೆ ಉಪನ್ಯಾಸಕ್ಕಿಳಿದೆ. ‘ಇದು ಸಣ್ಣ ವ್ಯಾಪಾರ ಅಲ್ಲ. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1975ರಲ್ಲಿ ಶುರುವಾದದ್ದು. 2024ರ ಡಿಸೆಂಬರಿನಲ್ಲಿ ಲಂಡನ್ ಷೇರುಪೇಟೆಯ ಮೊದಲ ನೂರು ಕಂಪನಿಗಳ ಸಾಲಿಗೆ ಬಂತು. ಅವರ ವಾರ್‌ಹ್ಯಾಮರ್ 40,000 ಆಟಕ್ಕೆ 2017, 2020, 2023ರಲ್ಲಿ ಹೊಸ ಆವೃತ್ತಿಗಳು ಬಂದವು. ನಿಯಮ ಬದಲಾದರೆ ಜನ ಮತ್ತೆ ಕೊಳ್ಳಲೇಬೇಕು, ನೋಡು!’

‘ಮೂರು ವರ್ಷಕ್ಕೊಮ್ಮೆ ಏನ್ರೀ? ನಮ್ಮ ಕುಂಬಾರವ್ವ ತಿಂಗಳಿಗೊಮ್ಮೆ ಹೊಸ ಮಾಲು ಇಳಸ್ತಾಳ.’

ಲೆಕ್ಕ ಹಾಕಿದೆ. ಕಾರಹುಣ್ಣಿಮೆ ಮುಗಿದು ಅಮಾವಾಸ್ಯೆಗೆ ಮಣ್ಣೆತ್ತು. ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ. ಶ್ರಾವಣದ ಪಂಚಮಿಗೆ ನಾಗಪ್ಪ. ಭಾದ್ರಪದಕ್ಕೆ ಗಣಪ್ಪ, ಅವನ ಬೆನ್ನಿಗೇ ಜೋಕುಮಾರ. ಎಲ್ಲವೂ ಮಣ್ಣೇ!

ಮಣ್ಣೆತ್ತಿನ ಅಮಾವಾಸ್ಯೆಗೆ ಬಜಾರಕ್ಕೆ ನನ್ನನ್ನೇ ಅಟ್ಟಿದಳು. ಜಾಣತನ ತೋರಿಸಲು, ‘ಒಂದೇ ಎತ್ತು ಕೊಡಬೇ’ ಎಂದೆ. ‘ಒಂಟಿ ಎತ್ತಿಲೆ ಹೊಲ ಹೂಡ್ತೀಯೇನಪ್ಪಾ?’ ಎಂದಳು ಕುಂಬಾರ ಅಜ್ಜಿ. ಜೋಡಿ ಕೊಂಡೆ. ಅಷ್ಟರಲ್ಲಿ ಗ್ವಾದಲಿಯನ್ನು ಮುಂದಕ್ಕೆ ಸರಿಸಿ, ‘ಎತ್ತು ಉಪಾಸ ಕೆಡವ್ತೀಯೇನು?’ ಎಂದಳು. ಅದನ್ನೂ ಕೊಂಡೆ. ಹೊಲವಿಲ್ಲದವನು ಮೇವಿಲ್ಲದ ಗ್ವಾದಲಿ ಹಿಡಿದು ಮನೆಗೆ ಬಂದೆ. ಹಿಂದೆಲ್ಲ ಕುಂಬಾರರು ಮನೆಬಾಗಿಲಿಗೇ ಎತ್ತು ತಂದು, ಜೋಳ ಅಳೆಸಿಕೊಂಡು ಹೋಗುತ್ತಿದ್ದರು. ಹೋಮ್ ಡೆಲಿವರಿ ನಮಗೇನೂ ಹೊಸದಲ್ಲ.

ಮರುದಿನ ಓಣಿಯ ಹುಡುಗರು ಕಾಲು ಮುರಿದ ಎತ್ತನ್ನು ಹೊತ್ತು ಮನೆಮನೆಗೆ ಬಂದರು. ಕುಂಟೆತ್ತಿನ ಹೆಸರಲ್ಲಿ ಜೋಳ ಬೇಡುವ ಪದ್ಧತಿ ನಮ್ಮಲ್ಲುಂಟು. ಮುರಿದ ಮಾಲೂ ದುಡಿಯುತ್ತದೆ! ಹಬ್ಬ ತೀರಿದ ಮೇಲೆ ಎತ್ತು ನೀರಿಗೆ. ಬರುವ ವರ್ಷ ಮತ್ತೆ ಹೊಸ ಜೋಡಿ. ನಿಯಮ ಬದಲಿಸುವ ತಾಪತ್ರಯವೇ ಇಲ್ಲ. ಪ್ಲಾಸ್ಟಿಕ್ ಕರಗುವುದಿಲ್ಲವಾದ್ದರಿಂದ ವಿಲಾಯಿತಿಯವರು ಪಾಪ ಪುಸ್ತಕ ಬದಲಿಸಬೇಕಾಗಿದೆ.

ಮಕ್ಕಳನ್ನು ಎಂಬಿಎಗೆ ಸೇರಿಸುವವರಲ್ಲಿ ಒಂದು ವಿನಂತಿ: ಫೀಸು ತುಂಬುವ ಮೊದಲು ಒಂದು ಮಣ್ಣೆತ್ತಿನ ಅಮಾವಾಸ್ಯೆ ಆ ಅಜ್ಜಿಯ ಪಕ್ಕ ಕೂಡಿಸಿ. ಮಾರಲು ಬಾರದಿದ್ದರೂ ನನ್ನ ಹಾಗೆ ಕೊಳ್ಳದಿರುವುದನ್ನಾದರೂ ಕಲಿತಾವು.