ತೊಡೆ ನನ್ನದು, ತಾಳ ರಾಯರದು

ರಾಮನವಮಿ ಬಂತೆಂದರೆ ನನಗೆ ಎರಡು ತಪ್ಪಿದ್ದಲ್ಲ. ಒಂದು ಪಾನಕ-ಕೋಸಂಬರಿ. ಇನ್ನೊಂದು, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಪಕ್ಕದ ಕುರ್ಚಿಗೆ ಬಂದು ಕೂರುವ ರಾಯರು. ಅಲ್ಲಿನ ರಾಮೋತ್ಸವದ ಕಛೇರಿಗಳು ಶುರುವಾದದ್ದು 1939ರಲ್ಲಿ. ರಾಯರ ಠೀವಿ ನೋಡಿದರೆ ಮೊದಲ ಗೂಟ ಹೊಡೆದವರೇ ಅವರಿರಬೇಕು.

ಪರಿಚಯವಾದ ದಿನ ಹೆಸರು ಕೇಳಿದರು, ಹೇಳಿದೆ. ಅಷ್ಟಕ್ಕೆ ಬಿಡಲಿಲ್ಲ.

"ಇನಿಷಿಯಲ್ಲು?"

"ಎಚ್. ಎಸ್."

"ಎಚ್ ಅಂದ್ರೆ ಯಾವೂರು?"

"ಹೊಸಕೋಟೆ."

"ಟಿ. ಚೌಡಯ್ಯನವರ ‘ಟಿ’ ಗೊತ್ತೇನ್ರಿ? ತಿರುಮಕೂಡಲು! ಏಳು ತಂತಿ ಪಿಟೀಲು ಹಿಡಿದು ಊರಿನ ಹೆಸರು ಎತ್ತಿದರು."

ಹೊಸಕೋಟೆಗೆ ನನ್ನಿಂದ ಅಂಥ ಅಪಾಯವೇನಿಲ್ಲ ಎಂದೆ. ಅವರ ಮೊಮ್ಮಕ್ಕಳೆಲ್ಲ ರಾಗಗಳೇ. ದೊಡ್ಡವಳು ರಂಜನಿ, ಗಂಡು ಹುಡುಗ ಮೋಹನ. ನಡುವಿನವಳಿಗೆ ಮುಖಾರಿ ಎಂದದ್ದಕ್ಕೆ ಸೊಸೆ ಮುಖ ತಿರುಗಿಸಿದಳಂತೆ, ಕಲ್ಯಾಣಿಗೆ ರಾಜಿಯಾಯಿತು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ತಾಳ. ಆದಿತಾಳದ ಎಂಟು ಅಕ್ಷರಕ್ಕೆ ಮೂರು ಪೆಟ್ಟು. ಮೂರೂ ನನ್ನ ಎಡತೊಡೆಗೆ. ನಡುವೆ ಕಿರುಬೆರಳು, ಉಂಗುರಬೆರಳು, ನಡುಬೆರಳು ಎಂದು ಎಣಿಸುವುದೂ ಅಲ್ಲೇ, ಸಾಲ ಕೊಟ್ಟವನು ಬಾಕಿ ಎಣಿಸಿದ ಹಾಗೆ. ಪಲ್ಲವಿಯ ರಾತ್ರಿ ಮನೆಗೆ ಹೋಗಿ ನೋವಿನ ಎಣ್ಣೆ ಹಚ್ಚಿಕೊಂಡದ್ದುಂಟು. ತನಿ ಆವರ್ತನ ಬಂದರೆ ಬಿಡುಗಡೆ. ಮೃದಂಗದವರು ಎರಡು ನುಡಿಸುವುದರೊಳಗೆ ರಾಯರು ಕ್ಯಾಂಟೀನಿನಲ್ಲಿ ಉದ್ದಿನವಡೆಯ ಮುಂದಿರುತ್ತಾರೆ. ನನಗೂ ಒಂದು ಕಾಗದದಲ್ಲಿ ಸುತ್ತಿ ತರುತ್ತಾರೆ ಅನ್ನುವುದನ್ನು ಹೇಳದಿದ್ದರೆ ಪಾಪ ಬಂದೀತು.

ರಾಗ ಗುರುತಿಸುವುದು ಅವರ ಇನ್ನೊಂದು ಹಟ. ಒಮ್ಮೆ ಗಾಯಕಿ ಆಲಾಪನೆಗೆ ಬಾಯಿ ತೆರೆದದ್ದೇ ತಡ, "ಆನಂದಭೈರವಿ!" ಎಂದು ಮೂರು ಸಾಲಿಗೆ ಕೇಳುವಂತೆ ಘೋಷಿಸಿದರು. ಆರೋಹಣದಲ್ಲಿ ಆನಂದಭೈರವಿಯೂ ರೀತಿಗೌಳವೂ ‘ಸಗರಿಗಮ’ ಎಂದೇ ಹೊರಡುತ್ತವೆ. ಆಮೇಲೆ ಒಂದು ಪಂಚಮದ ಕಡೆ, ಇನ್ನೊಂದು ನಿಷಾದದ ಕಡೆ. ಆಕೆ ನಿಷಾದಕ್ಕೆ ಹೊರಳಿದಳು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ "ರೀತಿಗೌಳ" ಎಂದಳು. ರಾಯರು ಕತ್ತು ತಿರುಗಿಸದೆ, "ಈಗಿನವರಿಗೆ ಆನಂದಭೈರವಿ ನೆಟ್ಟಗೆ ಹಾಡೋಕೆ ಬರೋದಿಲ್ಲ" ಎಂದರು. ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನನಗೆ ಎರಡರ ಭೇದವೂ ಗೊತ್ತಿರಲಿಲ್ಲ. ಮನೆಗೆ ಹೋಗಿ ಪುಸ್ತಕ ತೆರೆದೆ.

ಈ ವರ್ಷ ರಾಯರ ಕಿವಿಯಲ್ಲಿ ಯಂತ್ರ ಕೂತಿದೆ. ಚಪ್ಪರದ ಮೈಕಿಗೆ ಅದು ಕುಂಯ್ ಅನ್ನುತ್ತದೆಂದು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಮತ್ತೆ ತಾಳ ಹೇಗೆ? ಗಮನಿಸಿದೆ: ಕಣ್ಣು ಗಾಯಕನ ಕೈಮೇಲೆ. ಅಲ್ಲಿ ಪೆಟ್ಟು ಬಿದ್ದರೆ ಇಲ್ಲಿ ನನ್ನ ತೊಡೆಗೆ ಪೆಟ್ಟು. ಒಂದೂ ತಪ್ಪಲಿಲ್ಲ. ನಾನು ಕಾಲು ಸರಿಸಿಕೊಳ್ಳಲಿಲ್ಲ.

ಆಲಾಪನೆ ಶುರುವಾದಾಗ ನನ್ನತ್ತ ಬಾಗಿ, ಇದೇ ಮೊದಲ ಸಲ, "ಯಾವ ರಾಗ?" ಎಂದರು.

ಇಪ್ಪತ್ತು ವರ್ಷ ಕಾದಿದ್ದ ಗಳಿಗೆ. ಅವರಿಗೆ ಕೇಳಿಸಲೆಂದು ಗಟ್ಟಿಯಾಗಿಯೇ ಅಂದೆ: "ಆನಂದಭೈರವಿ!"

ಹಿಂದಿನ ಸಾಲಿನಿಂದ ಯಾರೋ "ಶ್" ಅಂದರು. ಮತ್ತೊಬ್ಬರು "ರೀತಿಗೌಳ ರೀ" ಅಂದರು.

ರಾಯರಿಗೆ ಎರಡೂ ಕೇಳಿಸಲಿಲ್ಲ. ನಾನು ಹೇಳಿದ್ದಕ್ಕೇ "ಹೂಂ, ಅಂದ್ಕೊಂಡೆ" ಎಂದು ತೊಡೆ ತಟ್ಟಿದರು. ನನ್ನದೇ.